ಬೋಧಿಮರದ ಕೆಳಗೆ ಒಂದು ನಿದ್ದೆ

ಪುಂಚಿಬಂಡಾನಿಗೆ ನಿರ್ವಾಣ ಬೇಕಿರಲಿಲ್ಲ, ನಿದ್ದೆ ಬೇಕಿತ್ತು. ರಾತ್ರಿಯೆಲ್ಲ ಪೇಟೆಯ ಬೇಕರಿಯಲ್ಲಿ ಹಿಟ್ಟು ನಾದಿ, ಊರು ಬ್ರೆಡ್ಡು ತಿನ್ನುವ ಹೊತ್ತಿಗೆ ಮನೆಗೆ ಬಂದು ಚಾಪೆ ಹಾಸುವ ಜೀವ ಅವನದು. ಚಾಪೆ ಹಾಸಿದ್ದೇ ತಡ, ಪಕ್ಕದ ಮನೆಯ ಬಡಗಿ ವಿಜೇಪಾಲನ ಗರಗಸ ಏಳುತ್ತಿತ್ತು. ಗರಗಸ ನಿಂತರೆ ಮನೆಯೊಳಗೆ ಅವನ ಹೆಂಡತಿ ಬಿಸೋಮೆಣಿಕೆ ಶುರು ಮಾಡುತ್ತಿದ್ದಳು. ಪಾಪ, ಅವನ ಕಣ್ಣು ಬೇಕರಿಯ ಒಲೆಯ ಕೆಂಡದ ಹಾಗೆ ಆಗಿಹೋಗಿತ್ತು.

ಬುದ್ಧ ಹುಟ್ಟಿದ ವೆಸಾಕ್ ಹುಣ್ಣಿಮೆ, ಗರಗಸಕ್ಕೆ ರಜ ಎಂದು ಆಸೆಪಟ್ಟು ಬಂದರೆ, ಓಣಿಯವರೆಲ್ಲ ಸೇರಿ ಅವನ ಬಾಗಿಲ ಎದುರಿಗೇ ಚಪ್ಪರ ಹಾಕಿ, ದಾರಿಹೋಕರಿಗೆ ಪುಕ್ಕಟೆ ಊಟ ಬಡಿಸುವ ದನ್ಸಲ ಹೂಡಿದ್ದರು. ಕಂಬಕ್ಕೆ ಎರಡು ಲೌಡ್‌ಸ್ಪೀಕರು. ಎರಡರ ಬಾಯಿಯೂ ಅವನ ಕಿಟಕಿಯ ಕಡೆಗೆ.

ಆಗ ಹೊಳೆಯಿತು. ಕಣ್ಣು ಮುಚ್ಚಿ ಕೂತವನನ್ನು ಯಾರೂ ಮಾತಾಡಿಸದ ಜಾಗ ಊರಲ್ಲಿ ಒಂದೇ ಒಂದು, ಅದು ವಿಹಾರ. ಬಿಳಿ ಸರೋಂಗು ಉಟ್ಟು, ಇವತ್ತು ಅಷ್ಟಶೀಲದ ವ್ರತ ಹಿಡಿಯುತ್ತೇನೆ ಎಂದು ಹೆಂಡತಿಗೆ ಹೇಳಿದ. ಅವಳು ಮೊದಲು ಅವನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

"ಮಧ್ಯಾಹ್ನ ಹನ್ನೆರಡು ದಾಟಿದ್ರೆ ಊಟ ಇಲ್ಲ, ಸುಳ್ಳು ಹೇಳೋ ಹಾಗಿಲ್ಲ. ಗೊತ್ತು ತಾನೆ?"

"ಊಟ ಮುಂಚೇನೇ ಮುಗಿಸ್ತೀನಿ. ಸುಳ್ಳು ಹೇಳೋಕೆ ಅಲ್ಲಿ ನೀನೆಲ್ಲಿರ್ತೀಯ?" ಎಂದು ಹೊರಟುಬಿಟ್ಟ.

ವಿಹಾರದಲ್ಲಿ ಭಿಕ್ಷುಗಳ ಹಿಂದೆ ಎಂಟೂ ಶೀಲಗಳನ್ನು ಒಪ್ಪಿಸಿ, ಬೋಧಿಮರದ ಹಿಂಬದಿಗೆ ಹೋಗಿ, ಕಟ್ಟೆಗೆ ಬೆನ್ನು ಕೊಟ್ಟು ಕಾಲು ಮಡಿಸಿ ಕೂತ. ಉಸಿರನ್ನು ಗಮನಿಸಬೇಕೆಂದು ಭಿಕ್ಷುಗಳು ಹೇಳಿದ್ದರು. ಒಳಗೆ ಹೋದ ಉಸಿರನ್ನು ಗಮನಿಸಿದ. ಹೊರಗೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ.

ಆ ದಾರಿಯಾಗಿ ಬಂದವರು ಹೇರತ್ ಮೇಷ್ಟ್ರು. ನಿವೃತ್ತಿಯಾದ ಮೇಲೆ ವಿಹಾರದ ಸಮಿತಿಗೆ ಕಾರ್ಯದರ್ಶಿ. ಇಲ್ಲಿನ ಹಿರಿಯ ಭಿಕ್ಷುಗಳ ಮಹಿಮೆಯನ್ನು ಊರಿಗೆ ಮೊಟ್ಟಮೊದಲು ಸಾರಿದವರು ತಮ್ಮ ತಂದೆಯೇ ಎಂಬ ಹೆಮ್ಮೆ ಅವರಿಗೆ. ಪುಂಚಿಬಂಡಾನ ಮೂಗಿನ ಮೇಲೆ ನೊಣ ಕೂತಿತ್ತು, ತಲೆಯ ಮೇಲೆ ಬೋಧಿಯ ಎಲೆ ಬಿದ್ದಿತ್ತು, ಅವನು ಮಾತ್ರ ಅಲುಗಿರಲಿಲ್ಲ. ಎದೆಯೊಳಗಿಂದ ಗಂಭೀರವಾದ ಸದ್ದೊಂದು ಏಳುತ್ತಿತ್ತು. ಮೇಷ್ಟ್ರು ಕೈಸನ್ನೆ ಮಾಡಿ ನಾಲ್ಕು ಜನರನ್ನು ಕರೆದರು.

"ಉಸಿರು ಕೇಳಿಸ್ಕೊಳ್ಳಿ. ಹೊಕ್ಕುಳಿಂದ ಬರ್ತಾ ಇದೆ. ನಾನು ಇಷ್ಟು ವರ್ಷ ಕೂತರೂ ಮೂಗಿನ ತುದಿ ದಾಟಿಲ್ಲ."

ನಾಲ್ಕು ಜನ ನಲವತ್ತಾದರು. ಬಡಗಿ ವಿಜೇಪಾಲನಂತೂ ಅಳುವುದೊಂದು ಬಾಕಿ. ಇಂಥವನ ಗೋಡೆಯ ಪಕ್ಕದಲ್ಲಿ ಗರಗಸ ಎಳೆದ ಪಾಪಿ ನಾನು ಎಂದು ಎಲ್ಲರಿಗೂ ಹೇಳಿಕೊಂಡ. ಊಟದ ಗಂಟೆಯಾಯಿತು. ಯಾರೋ ಎಬ್ಬಿಸಲು ಹೋದರೆ, ಸಮಾಧಿ ಕೆಡಿಸಿದ ಪಾಪ ಯಾರು ಹೊರುತ್ತಾರೆ ಎಂದು ಮೇಷ್ಟ್ರು ತಡೆದರು. ಅವನ ಪಾಲಿನ ಅನ್ನವೂ ಹಲಸಿನಕಾಯಿ ಪಲ್ಯವೂ ಮೇಷ್ಟ್ರ ತಟ್ಟೆಗೇ ಹೋದವು.

ಕುತ್ತಿಗೆ ಹಿಡಿದುಕೊಂಡು ಪುಂಚಿಬಂಡಾನಿಗೆ ಎಚ್ಚರವಾದಾಗ ಹೊತ್ತು ಇಳಿದಿತ್ತು. ಮೊಣಕಾಲ ಮುಂದೆ ತಾವರೆ ಹೂವಿನ ರಾಶಿ, ಅದರಾಚೆ ಕೈಮುಗಿದು ಕೂತ ಊರು. ಹೊಟ್ಟೆ ಚುರುಗುಟ್ಟಿತು, ಆದರೆ ಹನ್ನೆರಡು ದಾಟಿತ್ತು. ಸುಳ್ಳು ಹೇಳುವ ಹಾಗೂ ಇಲ್ಲ.

"ಮೇಷ್ಟ್ರೇ, ನಾನು ನಿದ್ದೆ ಹೋಗಿದ್ದೆ, ಅಷ್ಟೆ."

ಮೇಷ್ಟ್ರ ಕಣ್ಣು ತುಂಬಿ ಬಂತು. ಜನರ ಕಡೆ ತಿರುಗಿ, "ಕೇಳಿದ್ರಾ? ನಿಜವಾಗಿ ಪಡೆದವರು ಪಡೆದೆ ಅಂತ ಬಾಯಿ ಬಿಡೋದಿಲ್ಲ" ಎಂದರು.

ಎಲ್ಲರೂ ಸಾಧು, ಸಾಧು, ಸಾಧು ಎಂದರು. ಗೊರಕೆ ಹೊಡೆದೆ ಎಂದ, ಇನ್ನಷ್ಟು ಬಗ್ಗಿದರು. ರಾತ್ರಿಪಾಳಿಯ ಆಯಾಸ ಎಂದ, ಮುದುಕಿಯೊಬ್ಬಳು ಕಾಲಿಗೇ ಬಿದ್ದಳು.

ಸಂಜೆಯೊಳಗೆ ತೀರ್ಮಾನವೂ ಆಯಿತು. ವಿಜೇಪಾಲ ಇನ್ನು ಹಗಲಲ್ಲಿ ಗರಗಸ ಮುಟ್ಟುವುದಿಲ್ಲ. ಪುಂಚಿಬಂಡಾನ ಮುಖ ಅರಳಿತು. ಬದಲಿಗೆ, ಅವನು ಬೇಕರಿಯಿಂದ ಬರುವ ಹೊತ್ತಿಗೆ ಆಸಕ್ತರೆಲ್ಲ ಅವನ ಜಗಲಿಯಲ್ಲಿ ಸೇರಿ, ಮಧ್ಯಾಹ್ನದವರೆಗೆ ಎದುರಿಗೆ ಕೂತು ಧ್ಯಾನ ಕಲಿಯುವುದು. ಸಂದೇಹಗಳನ್ನು ಮೇಷ್ಟ್ರು ಕೇಳುವುದು. ಎಂದೂ ಇಲ್ಲದ ಮರ್ಯಾದೆ ಕಂಡ ಬಿಸೋಮೆಣಿಕೆ ಆಗಲೇ ಚಾಪೆ ಒದಗಿಸಲು ಒಪ್ಪಿಬಿಟ್ಟಿದ್ದಳು.

ಉಳಿದದ್ದು ಒಂದೇ ದಾರಿ. ಹಿರಿಯ ಭಿಕ್ಷುಗಳ ಕುಟಿಗೆ ಓಡಿ ಅವರ ಕಾಲಿಗೆ ಬಿದ್ದ. ಕೊಲಂಬೋದಿಂದಲೂ ಜನ ಬಸ್ಸು ಮಾಡಿಕೊಂಡು ಬಂದು ಧ್ಯಾನ ಕಲಿಯುತ್ತಿದ್ದದ್ದು ಅವರ ಬಳಿ.

"ಭಂತೇ, ನಾನು ಮಾಡಿದ್ದು ಬರೀ ನಿದ್ದೆ. ನೀವಾದ್ರೂ ಹೇಳಿ, ನಿಮ್ಮ ಮಾತು ನಂಬ್ತಾರೆ."

ಮುದಿ ಭಿಕ್ಷುಗಳು ಬಾಗಿಲ ಕಡೆ ಒಮ್ಮೆ ನೋಡಿ, ಅವನನ್ನು ಹತ್ತಿರ ಕರೆದರು. ಅವರ ಕಣ್ಣೂ ಕೆಂಪಗಿತ್ತು.

"ನಂಬಲ್ಲ ಉಪಾಸಕ. ಪ್ರಾಯದಲ್ಲಿ ನಾನೂ ಅದೇ ಕಟ್ಟೆಗೆ ಒರಗಿ ಒಂದು ಸಲ ತೂಕಡಿಸಿದ್ದೆ. ಅವತ್ತಿಂದ ನಾನೂ ಅದನ್ನೇ ಹೇಳ್ತಾ ಬಂದಿದೀನಿ."

"ಯಾರೂ ಒಪ್ಪಲಿಲ್ವಾ?"

"ಎಲ್ಲಿ ಒಪ್ತಾರೆ? ಅವತ್ತು ಆ ದಾರೀಲಿ ಬಂದವರು ಹೇರತ್ ಮೇಷ್ಟ್ರ ಅಪ್ಪ" ಎಂದು ಭಿಕ್ಷುಗಳು ಆಕಳಿಸಿದರು.