ಅರ್ಧ ನಿಮಿಷದ ಆನೆ

ಮಾವ ಅಳಿಯನಿಗೆ ಇಟ್ಟಿದ್ದ ಹೆಸರು 'ಪಾಸ್‌ಪೋರ್ಟ್ ಸೈಜು'. ಸ್ಟುಡಿಯೋ ತೆರೆದಂದಿನಿಂದ ಅವನು ತೆಗೆದದ್ದೆಲ್ಲ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತ ಮುಖಗಳನ್ನೇ. ಹಾಗಾಗಿ ಮ್ಯೂಸಿಯಂನವರು ಫೋಟೋ ಸ್ಪರ್ಧೆ ಇಟ್ಟು, ಗೆದ್ದವರೇ ಇನ್ನು ನಮ್ಮ ಫೋಟೋಗ್ರಾಫರ್ ಎಂದು ಸಾರಿದಾಗ ಅವನ ಮೈ ಜುಮ್ಮೆಂದಿತು. ಅಲ್ಲಿನ ಕಂಚಿನ ಆನೆಯ ಫೋಟೋ ತೆಗೆದು ಗೆದ್ದು, ಈ ಹೆಸರನ್ನು ಕಳೆದುಕೊಳ್ಳಬೇಕು. ಕೊನೆಯ ದಿನ ಹೊರಟ. ಸಂತೆಯಲ್ಲಿ ಕೊಂಡ ಕಾಳಿನ ಚೀಲ ಹಿಡಿದು ಮಾವನೂ ಹೊರಟರು.

ಬಾಗಿಲಲ್ಲೇ ಕಾವಲುಗಾರ ಟ್ರೈಪಾಡ್ ಕಿತ್ತಿಟ್ಟುಕೊಂಡ. "ಇದನ್ನ ಒಳಗೆ ಬಿಡಲ್ಲ ಸಾರ್. ಫ್ಲ್ಯಾಶೂ ಹಾಕೋ ಹಾಗಿಲ್ಲ."

"ಕತ್ತಲಲ್ಲಿ ಹೇಗಪ್ಪಾ ತೆಗೆಯೋದು?"

"ಎಲ್ಲರೂ ಕೈಯಲ್ಲೇ ಹಿಡ್ಕೊಂಡು ತೆಗೀತಾರೆ. ನಿಮ್ಮ ಕೈಗೇನಾಗಿದೆ?"

ಆನೆಯ ಮೇಲೆ ಇದ್ದದ್ದು ಒಂದೇ ಮಂಕು ದೀಪ. ಕೈಯಲ್ಲಿ ಹಿಡಿದು ತೆಗೆದರೆ ಆನೆ ಒಲೆಯ ಹೊಗೆಯಂತೆ ಬಂತು. ಮಾವನ ಭುಜದ ಮೇಲೆ ಕ್ಯಾಮೆರಾ ಇಟ್ಟ. ಮಾವ ಕೆಮ್ಮಿದರು, ಆನೆಗೆ ಎರಡು ಸೊಂಡಿಲು ಬಂದವು. ಕಂಬಕ್ಕೆ ಒರಗಿದರೆ ಕಾವಲುಗಾರ ಓಡಿಬಂದ. ಆ ಕಂಬವೂ ಪ್ರದರ್ಶನಕ್ಕಿಟ್ಟದ್ದಂತೆ.

ಕೊನೆಗೆ ಜನ ಕೂರುವ ಬೆಂಚು ಕಣ್ಣಿಗೆ ಬಿತ್ತು. ಮಾವನ ಕಾಳಿನ ಚೀಲವನ್ನು ಅದರ ಮೇಲಿಟ್ಟು ಕ್ಯಾಮೆರಾ ಒತ್ತಿ ಕೂರಿಸಿದ. ಅದು ಕಾವಿಗೆ ಕೂತ ಕೋಳಿಯಂತೆ ಅಲುಗದೆ ಕೂತಿತು. ಚೀಲದ ಬಗ್ಗೆ ಕಾವಲುಗಾರನ ಬಳಿ ಯಾವ ನಿಯಮವೂ ಇರಲಿಲ್ಲ.

"ಅಳಿಯಂದ್ರೆ, ಜನ ಅಡ್ಡ ಓಡಾಡ್ತಿದ್ದಾರಲ್ಲ?"

"ಓಡಾಡಲಿ ಬಿಡಿ ಮಾವ. ಅರ್ಧ ನಿಮಿಷ ಕ್ಯಾಮೆರಾದ ಶಟರ್ ತೆರೆದೇ ಇರುತ್ತೆ. ಓಡಾಡೋರು ಫೋಟೋದಲ್ಲಿ ಮೂಡೋದೇ ಇಲ್ಲ. ಅಲುಗದೆ ಇರೋದು ಮಾತ್ರ ಮೂಡುತ್ತೆ."

ಮಾವ ಸುತ್ತಲಿನವರನ್ನು ನೋಡಿದರು. ಪಾಪ, ಟಿಕೆಟ್ ತೆಗೆದುಕೊಂಡು ಬಂದ ಇಷ್ಟು ಜನ ಫೋಟೋದಲ್ಲಿ ಬರುವುದೇ ಇಲ್ಲವೇ?

ಮ್ಯೂಸಿಯಂ ಮುಚ್ಚುವ ಗಂಟೆ ಬಾರಿಸಿದರು. ಇನ್ನು ಒಂದೇ ಅವಕಾಶ. ಅಳಿಯ ಎದೆ ಗಟ್ಟಿ ಮಾಡಿಕೊಂಡು ಗುಂಡಿ ಒತ್ತಿದ.

"ಎಲ್ಲರೂ ಹಾಗೇ ನಿಂತ್ಕೊಳ್ಳಿ," ಮಾವನ ದನಿ ಹಾಲ್ ತುಂಬಿತು. "ಅಲ್ಲಾಡಿದೋರು ಫೋಟೋದಲ್ಲಿ ಬರಲ್ಲವಂತೆ. ನಮ್ಮ ಅಳಿಯಂದ್ರು ತೆಗೀತಿದ್ದಾರೆ."

ಜನ ಆನೆಯ ಮುಂದೆ ಸಾಲಾಗಿ ನಿಂತು, ಕ್ಯಾಮೆರಾ ನೋಡುತ್ತಾ ಉಸಿರು ಬಿಗಿಹಿಡಿದರು. ಕಾವಲುಗಾರನೂ ಟೋಪಿ ಸರಿಮಾಡಿಕೊಂಡು ನಡುವೆ ಸೇರಿದ. ಸರಿಯಿರಿ ಎಂದು ಅಳಿಯ ಎರಡೂ ಕೈ ಬೀಸಿದ, ಯಾರೂ ಅಲುಗಲಿಲ್ಲ.

ಫೋಟೋದಲ್ಲಿ ಎಲ್ಲರ ಮೀಸೆಯ ಕೂದಲೂ ಎಣಿಸುವಂತಿತ್ತು. ಆನೆಯ ಪಾಲಿಗೆ ಒಂದು ತುದಿಯಲ್ಲಿ ಬಾಲ ಉಳಿದಿತ್ತು. ಬೇರೆ ದಾರಿಯಿಲ್ಲದೆ ಅಳಿಯ ಅದನ್ನೇ ಸ್ಪರ್ಧೆ ನಡೆಸುತ್ತಿದ್ದ ಮ್ಯೂಸಿಯಂನ ಮೇಡಂಗೆ ತೋರಿಸಿದ. ಅವರು ಒಂದೊಂದೇ ಮುಖ ನೋಡುತ್ತಾ ಹೋದರು.

"ಫ್ಲ್ಯಾಶ್ ಇಲ್ಲದೆ ಇಷ್ಟು ಸ್ಪಷ್ಟವಾಗಿ ತೆಗೆದ್ರಾ? ನಮಗೆ ನೀವೇ ಬೇಕು. ನಾಳೆಯೇ ಬನ್ನಿ."

ಅಳಿಯ ಕುಣಿಯುವುದೊಂದು ಬಾಕಿ. ಮಾವನತ್ತ ಒಮ್ಮೆ ಗತ್ತಿನಿಂದ ನೋಡಿದ.

"ಆನೆಯಿಂದಲೇ ಶುರು ಮಾಡಲಾ ಮೇಡಂ?"

"ಆನೆ ಯಾಕೆ? ನಮ್ಮ ಸಿಬ್ಬಂದಿಗೆಲ್ಲ ಹೊಸ ಗುರುತಿನ ಚೀಟಿ ಮಾಡಿಸಬೇಕು. ಸ್ಟೂಲ್ ನಾವೇ ಕೊಡ್ತೀವಿ," ಎಂದರು ಮೇಡಂ. "ಆಫೀಸ್ ರೂಮಿಗೆ ಬೇಕಾದ್ರೆ ಟ್ರೈಪಾಡೂ ತನ್ನಿ."