ನಿದ್ದೆಗಣ್ಣಿಯ ರಾಜನಿಷ್ಠೆ

ಕನಸಿನಲ್ಲಿ ನಿದ್ದೆಗಣ್ಣಿ ರಾಣಿಯನ್ನು ಸಿಂಹಾಸನದಿಂದ ಕೆಳಗೆ ದಬ್ಬಿ, ತಾನೇ ಅದರ ಮೇಲೆ ಕಾಲು ಚಾಚಿ ಮಲಗಿಬಿಟ್ಟಳು. ಬೇರೆ ಊರಾಗಿದ್ದರೆ ನಕ್ಕು ಮರೆಯಬಹುದಿತ್ತು. ಆ ಊರಿನಲ್ಲಿ ಹದಿನೇಳು ತುಂಬಿದವರೆಲ್ಲ ದಿನಾ ಬೆಳಿಗ್ಗೆ ಕಚೇರಿಗೆ ಹೋಗಿ ತಮ್ಮ ಕನಸು ಬರೆಸಬೇಕಿತ್ತು. ರಾಣಿಗೆ ಎದುರಾದ ಕನಸಾದರೆ ಹಾಸಿಗೆ ಜಪ್ತಿ, ಆಮೇಲೆ ಸಾಯುವವರೆಗೆ ಗಡಿಯಾರದ ಗೋಪುರದಲ್ಲಿ ರಾತ್ರಿ ಕಾವಲು. ಅವಳಿಗೆ ಹದಿನೇಳು ತುಂಬಿದ್ದು ನಿನ್ನೆ. ಈ ಲೋಕದಲ್ಲಿ ಅವಳಿಗೆ ಪ್ರಾಣವೆಂದರೆ ನಿದ್ದೆಯೊಂದೇ.

"ಈಗೇನ್ ಮಾಡ್ಲಿ ಚಿಕ್ಕಮ್ಮ?"

ಚಿಕ್ಕಮ್ಮ ಓಡಿಹೋಗಿ ಕಿಟಕಿ ಮುಚ್ಚಿದಳು. "ಮೆತ್ತಗೆ ಮಾತಾಡೇ. ಗೋಡೆಗೂ ಕಿವಿ ಇರುತ್ತೆ."

ಗೋಡೆಗೆ ಇತ್ತೋ ಇಲ್ಲವೋ, ಪಕ್ಕದ ಮನೆಯ ದರ್ಜಿಗೆ ಇತ್ತು. ಅವನು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಒಳಗೆ ಬಂದ. ಅವನ ಹಿಂದೆಯೇ ಮಹಡಿ ಮನೆಯ ನಿವೃತ್ತ ಮೇಷ್ಟ್ರು.

"ಸ್ವಲ್ಪ ಬಿಚ್ಚಿ ಹೊಲಿದ್ರೆ ಆಯ್ತು," ಎಂದ ದರ್ಜಿ. "ನೀನು ದಬ್ಬಲಿಲ್ಲ ಕಣಮ್ಮ. ರಾಣಿಯವರು ಬೀಳ್ತಿದ್ರು, ನೀನು ಹಿಡ್ಕೊಂಡೆ."

"ರಾಣಿ ಬೀಳೋದೇ ತಪ್ಪಲ್ವೇನ್ರೀ?" ಎಂದರು ಮೇಷ್ಟ್ರು. "ಸಿಂಹಾಸನ ವಾಲ್ತು, ಇವಳು ಹೆಗಲು ಕೊಟ್ಟಳು. ಹಾಗೆ ಹೇಳ್ಲಿ."

"ಎಷ್ಟು ಹೊತ್ತು ಕೊಟ್ಟೆ ಅಂತ ಕೇಳಿದ್ರೆ?" ಎಂದಳು ಚಿಕ್ಕಮ್ಮ.

"ರಾತ್ರಿಯೆಲ್ಲಾ. ಕಣ್ಣು ಮಿಟುಕಿಸದೆ," ಎಂದ ದರ್ಜಿ.

ಉಪಕಾರ ಮಾಡಲು ಹೊರಟವರಿಗೆ ಎಲ್ಲಿ ನಿಲ್ಲಿಸಬೇಕೆಂದು ಎಂದಾದರೂ ಗೊತ್ತಾಗಿದ್ದುಂಟೇ?

ಬೀದಿ ಇನ್ನೂ ಮಂಜಿನಲ್ಲಿ ತೇಲುತ್ತಿತ್ತು. ಜನ ತಮ್ಮ ತಮ್ಮ ಕನಸನ್ನು ಬಾಯಿಪಾಠ ಮಾಡಿಕೊಳ್ಳುತ್ತಾ, ಅರ್ಧ ಕಣ್ಣು ಮುಚ್ಚಿ ನಡೆಯುತ್ತಿದ್ದರು. ಕಚೇರಿಯ ಸಾಲಿನಲ್ಲಿ ನಿದ್ದೆಗಣ್ಣಿ ಎರಡು ಸಲ ತೂಕಡಿಸಿದಳು. ಸರದಿ ಬಂದಾಗ ನಾಲಿಗೆ ತಾನಾಗಿಯೇ ಓಡಿತು. ಸಿಂಹಾಸನ ವಾಲಿತು, ಹೆಗಲು ಕೊಟ್ಟೆ. ಚಂದ್ರ ಇಳಿದುಬಂದು, ಸಾಕು ಮಲಗು ಮಗಳೇ ಎಂದ. ರಾಣಿಯವರ ನಿದ್ದೆ ಕೆಡುತ್ತೆ, ನಾನು ಮಲಗಲ್ಲ ಅಂದುಬಿಟ್ಟೆ. ಚಂದ್ರನನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಅವಳದೇ ಸ್ವಂತ ಪ್ರತಿಭೆ.

ಗುಮಾಸ್ತನ ಪೆನ್ನು ನಿಂತಿತು. ಅವನು ಕಣ್ಣೊರೆಸಿಕೊಂಡು ಒಳಗೆ ಹೋಗಿ ದೊಡ್ಡ ಸಾಹೇಬರನ್ನೇ ಕರೆತಂದ. ಬದುಕಿದೆ, ಮನೆಗೆ ಹೋಗಿ ಸಂಜೆಯವರೆಗೆ ಮಲಗುತ್ತೇನೆ ಎಂದುಕೊಂಡಳು ನಿದ್ದೆಗಣ್ಣಿ. ಅವಳಿಗೆ ಸಂತೋಷದಿಂದ ಅಳುವೇ ಬಂತು.

"ಇಂಥ ನಿಷ್ಠೆ ಮಲಗಿ ಹಾಳಾಗಬಾರದು," ಎಂದರು ಸಾಹೇಬರು. "ಇವತ್ತಿನಿಂದ ನೀನು ರಾಣಿಯವರ ಮಲಗುವ ಕೋಣೆ ಕಾವಲಿಗೆ. ರಾತ್ರಿಯೆಲ್ಲಾ ನಿಂತಿರ್ಬೇಕು, ಹಗಲು ಕವಾಯತು. ನಿನಗೆ ಇನ್ನು ಹಾಸಿಗೆ ಬೇಕಾಗಲ್ಲ, ಮಧ್ಯಾಹ್ನ ಜನ ಬಂದು ತಗೊಂಡ್ಹೋಗ್ತಾರೆ."

ನಿದ್ದೆಗಣ್ಣಿಗೆ ತಾನೇ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು ಬಾಯಿಬಿಟ್ಟಳು. "ಎಲ್ಲಾ ಸುಳ್ಳು ಸಾಹೇಬ್ರೇ. ನಾನು ರಾಣೀನ ಕೆಳಗೆ ದಬ್ಬಿ ಸಿಂಹಾಸನದ ಮೇಲೆ ಮಲ್ಕೊಂಡೆ. ಗೊರಕೆನೂ ಹೊಡೆದೆ."

ಸಾಹೇಬರು ತಲೆಯೆತ್ತಲಿಲ್ಲ. ನೇಮಕದ ಕಾಗದವನ್ನು ಅವಳತ್ತ ಸರಿಸಿದರು.

"ಗೊತ್ತಮ್ಮ. ಅಲ್ಲಿರೋ ಹನ್ನೊಂದು ಜನ ಕಾವಲಿನವರೂ ಕೊನೇಗೆ ಅದನ್ನೇ ಹೇಳಿದ್ರು. ಎಚ್ಚರ ಇದ್ರೆ ಅಂಥ ಕನಸು ಬೀಳಲ್ಲ. ಇಲ್ಲಿ ರುಜು ಹಾಕು."