ಕಡೇ ಗದ್ದೆಯ ಮೊದಲ ನೀರು

ನೀರು ಹಂಚಿಕೆಯಲ್ಲಿ ಸಾಮಾಜಿಕ ನ್ಯಾಯ ಕುರಿತು ಯೋಗಾನಂದ ಬರೆದ ಪಿಎಚ್‌ಡಿ ಪ್ರಬಂಧ ನಾನೂರ ಹನ್ನೆರಡು ಪುಟದ್ದು. ಪರೀಕ್ಷಕರು ಅದರ ಕೊನೆಯಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಗೀಚಿದ್ದರು: ‘ಇದು ಎಲ್ಲಾದರೂ ಜಾರಿಗೆ ಬಂದಿದೆಯೇ?’ ಆ ಸಾಲಿನ ದೆಸೆಯಿಂದ, ಕಡೂರಿನಲ್ಲಿ ಕಾನೂನು ಪಾಠ ಹೇಳಿಕೊಂಡು ನೆಮ್ಮದಿಯಾಗಿದ್ದ ಮನುಷ್ಯ ಭಾನುವಾರ ಬೆಳಿಗ್ಗೆಯೇ ಅಜ್ಜಂಪುರದ ಬಸ್ಸು ಹತ್ತಬೇಕಾಯಿತು.

ಬುಕ್ಕಾಂಬುಧಿ ದಾಟಿ ಒಳಗೆ ಹೋದರೆ ಅವನ ಊರು. ಅಪ್ಪ ಗಿರಿಯಪ್ಪ ಅಲ್ಲಿ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತಿ ಊರವರ ಗದ್ದೆಗಳಿಗೆಲ್ಲ ನೀರು ಹಾಯಿಸುವುದು ಅವರ ಕೆಲಸ. ಅವರ ಸ್ವಂತ ಗದ್ದೆ ಮಾತ್ರ ಕಾಲುವೆಯ ತುತ್ತತುದಿಯಲ್ಲಿ. ಅವರ ಜಾತಿಗೆ ಹಿಂದಿನವರು ಗೊತ್ತು ಮಾಡಿದ್ದ ಜಾಗ ಅದು. ಎಲ್ಲರದೂ ಮುಗಿದ ಮೇಲೆ ನೊರೆ, ತರಗೆಲೆ ಹೊತ್ತು ತೆವಳಿ ಬರುವ ನೀರಿನ ಮುಂದೆ ಮುಂದೆ ಪುಟ್ಟ ಯೋಗಾನಂದ ಓಡುತ್ತಿದ್ದ. ಅಪ್ಪ ಗುದ್ದಲಿ ಊರಿಕೊಂಡು ನಗುತ್ತಿದ್ದರು. ನ್ಯಾಯ ಕಡೆಯವನಿಂದ ಶುರುವಾಗಬೇಕೆಂಬ ಅವನ ಸಿದ್ಧಾಂತ ಹುಟ್ಟಿದ್ದು ಆ ಬದುವಿನ ಮೇಲೆಯೇ. ಅಪ್ಪ ಈಗಿಲ್ಲ, ಗದ್ದೆ ಅವ್ವನ ಹೆಸರಿಗಾಗಿದೆ; ಆದರೂ ಮನೆಯ ಗದ್ದೆಗೆ ಈ ವರ್ಷವಾದರೂ ಮೊದಲ ನೀರು ಹರಿಯಬೇಕೆಂದು ಅವನಿಗೆ ಬಲು ಆಸೆ.

ನೀರಿನ ಸರದಿ ಗೊತ್ತು ಮಾಡಲು ಗದ್ದೆಯವರ ಸಭೆ ಸೇರಿದ್ದು ಕೆರೆ ಏರಿಯ ಮೇಲೆ. ಯೋಗಾನಂದ ‘ವಿತರಣಾ ನ್ಯಾಯ’ ಎಂದು ಬಾಯಿ ತೆರೆದದ್ದೇ ತಡ, ಷಣ್ಮುಖಪ್ಪ ಆಕಳಿಸಿದರು. ಹಾಗಾದರೆ ಮದುವೆ ಊಟದಲ್ಲೂ ಸಾಲಿನ ಕೊನೆಯಿಂದಲೇ ಬಡಿಸಬೇಕೇ ಎಂದು ಕನಕರಾಜು ಕೇಳಿದ; ಅದರ ಮೇಲೆ ಅರ್ಧ ಗಂಟೆ ಜಗಳವಾಯಿತು. ನಡು ಗದ್ದೆಯ ಹೇಮಾವತಿ, ಮೇಲಿಂದ ಎಣಿಸಿದರೂ ಕೆಳಗಿಂದ ಎಣಿಸಿದರೂ ನಮ್ಮದು ನಡುವೆಯೇ, ನಮಗ್ಯಾವ ನ್ಯಾಯ ಎಂದು ಪಟ್ಟು ಹಿಡಿದರು. ಅವರಿಗೋಸ್ಕರ ಇನ್ನೊಂದು ಅಧ್ಯಾಯ ಸೇರಿಸುವುದಾಗಿ ಯೋಗಾನಂದ ಮಾತು ಕೊಡಬೇಕಾಯಿತು. ಬಿಸಿಲೇರಿದಂತೆ ಪ್ರಬಂಧದ ಹಾಳೆಗಳು ಒಬ್ಬೊಬ್ಬರ ಕೈಯಲ್ಲೂ ಬೀಸಣಿಗೆಯಾದವು.

ಅವನಿಗೆ ನಿಜವಾದ ಹೆದರಿಕೆ ಚಿಕ್ಕಬೀರಪ್ಪನವರದು. ತೂಬಿನ ಪಕ್ಕದ ಗದ್ದೆಯವರು. ಮೂರು ತಲೆಮಾರಿನಿಂದ ಮೊದಲ ನೀರು ಅವರಿಗೇ. ಅವರ ಮನಸ್ಸು ಕರಗಲೆಂದೇ ಪ್ರಬಂಧದ ಒಂದು ಪ್ರತಿಯನ್ನು ತಿಂಗಳ ಮುಂಚೆಯೇ ಅವರಿಗೆ ಕಳಿಸಿದ್ದ. ಅವರು ಎದ್ದಾಗ ಬೀಸಣಿಗೆಗಳೆಲ್ಲ ನಿಂತುಹೋದವು.

“ಹುಡ್ಗ ಹೇಳೋದು ಸರಿಯಾಗೈತೆ ಕಣ್ರಯ್ಯಾ. ಕಡೇ ಗದ್ದೆಯಿಂದ್ಲೇ ಶುರುವಾಗ್ಲಿ. ತತ್ತಾ ಇಲ್ಲಿ, ಮೊದ್ಲ ಸೈನು ನಂದು.”

ಯೋಗಾನಂದನ ಕಣ್ಣು ತುಂಬಿತು. ಅವರ ಹಿಂದೆಯೇ ಎಲ್ಲರೂ ಗೊಣಗುತ್ತ ಠರಾವಿಗೆ ಸಹಿ ಹಾಕಿದರು. ಕಾಲ ಬದಲಾಗಿದೆ ಎಂದು ಹಿಗ್ಗುತ್ತ ಮನೆಗೆ ನಡೆದವನು, ಪ್ರಬಂಧವನ್ನು ಚಿಕ್ಕಬೀರಪ್ಪನವರಿಗೇ ಅರ್ಪಿಸುವುದೆಂದು ದಾರಿಯಲ್ಲೇ ತೀರ್ಮಾನಿಸಿಬಿಟ್ಟ.

ಅವ್ವ ಉಚ್ಚಂಗಮ್ಮ ಮುದ್ದೆ ಬಡಿಸುತ್ತ ಮುಸಿಮುಸಿ ನಗುತ್ತಿದ್ದರು. ಏನು ಸಮಾಚಾರ ಎಂದು ಕೇಳಿದ.

“ಮೀಟಿಂಗ್ ಮುಗೀಲಿ ಅಂತ ಸುಮ್ಕಿದ್ದೆ ಕಣಪ್ಪಾ. ನೀನು ಕಳಿಸಿದ್ ಬರವಣಿಗೇನ ಚಿಕ್ಕಬೀರಪ್ಪೋರು ಪೂರ್ತಿ ಓದಿದ್ರಂತೆ. ಓದಿ ಕರುಳು ಕಿತ್ತು ಬಂತಂತೆ. ಅವ್ರೇ ಬಂದು, ಗದ್ದೆ ಅದಲುಬದಲು ಮಾಡ್ಕಳಾನ ಅಂದ್ರು. ಹೋದ್ ವಾರ ತರೀಕೆರೆಗೋಗಿ ಹೆಬ್ಬೆಟ್ಟು ಒತ್ತಿ ಬಂದೆ. ಈಗ ತೂಬಿನ ಪಕ್ಕದ್ದು ನಮ್ದು. ಇನ್ಮೇಲೆ ಮೊದ್ಲ ನೀರು ನಮ್ಗೇ. ನಿಮ್ಮಪ್ಪ ಇರ್ಬೇಕಿತ್ತು.”

ಯೋಗಾನಂದ ಎಡಗೈಯಲ್ಲಿ ಜೇಬಿನಿಂದ ಠರಾವು ತೆಗೆದು ಓದಿದ. ತೂಬಿನ ಪಕ್ಕದ ಗದ್ದೆಗೆ ಎಲ್ಲರದೂ ಆದ ಮೇಲೆ ನೀರು. ಹತ್ತು ವರ್ಷ ಇದನ್ನು ಯಾರೂ ಬದಲಿಸತಕ್ಕದ್ದಲ್ಲ. ಚಿಕ್ಕಬೀರಪ್ಪನವರು ನಾಳೆ ಎಲ್ಲಿ ಮನಸ್ಸು ಬದಲಿಸುತ್ತಾರೋ ಎಂದು ಆ ಷರತ್ತನ್ನು ಹಟ ಹಿಡಿದು ಸೇರಿಸಿದವನು ಅವನೇ.